ಕಾನೂನು ಆಗುವುದು ಯಾವಾಗ?

ವಿಧಾನಸಭೆಯಲ್ಲಿ ಮಸೂದೆ ಅಂಗೀಕಾರವಾಯಿತೆಂದು ಪತ್ರಿಕೆಯಲ್ಲಿ ಓದಿದ ಕೂಡಲೇ ಕಾನೂನು ಬಂತೆಂದು ನಾವು ತಿಳಿಯುತ್ತೇವೆ. ದಾರಿ ಅಷ್ಟು ಚಿಕ್ಕದಲ್ಲ. ಮಸೂದೆ ಮಂಡನೆಯಾಗಬೇಕು, ಕಲಮು ಕಲಮಾಗಿ ಚರ್ಚೆ, ತಿದ್ದುಪಡಿ, ಮತದಾನ ನಡೆಯಬೇಕು. ವಿಧಾನ ಪರಿಷತ್ತೂ ಅದನ್ನು ನೋಡಬೇಕು. ಪರಿಷತ್ತು ಸ್ವಲ್ಪ ಕಾಲ ತಡೆಯಬಲ್ಲದು, ಆದರೆ ಕೊನೆಯ ಮಾತು ವಿಧಾನಸಭೆಯದು. ಬಳಿಕ ರಾಜ್ಯಪಾಲರ ಅಂಕಿತ, ಕೆಲವು ಮಸೂದೆಗಳಿಗೆ ರಾಷ್ಟ್ರಪತಿಗಳ ಅಂಕಿತ. ಗೆಜೆಟಿನಲ್ಲಿ ಪ್ರಕಟವಾದ ಮೇಲೂ ಜಾರಿಯ ದಿನವನ್ನು ಸರಕಾರ ಬೇರೆಯಾಗಿ ಗೊತ್ತುಪಡಿಸಬಹುದು.

ಇಷ್ಟೊಂದು ಬಾಗಿಲುಗಳೇಕೆ? ಬಹುಮತ ಉಳ್ಳವನೂ ಎದುರಿನವನ ಮಾತು ಕೇಳಲಿ ಎಂದು. ಆದರೆ ಹೀಗೆ ಕಾಯುವ ಕಾಲ ಯಾರಿಗೆ ಒದಗುತ್ತದೆ?

ನಮ್ಮ ಭೂಸುಧಾರಣೆಯ ಕತೆಯನ್ನೇ ನೋಡಿ. 1961ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರ ಮಾರ್ಚಿನಲ್ಲಿ, ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮೂರೂವರೆ ವರ್ಷ! ಸ್ವಂತ ಬೇಸಾಯದ ಹೆಸರಿನಲ್ಲಿ ಒಡೆಯನು ಜಮೀನು ಮರಳಿ ಪಡೆಯುವ ಅವಕಾಶವೂ ಅದರಲ್ಲಿತ್ತು. ಗೆಜೆಟ್ ಓದಬಲ್ಲ ಧಣಿಗೆ ಅದು ಸಿದ್ಧತೆಯ ಕಾಲ. ಕುಂದಾಪುರದಿಂದ ಒಳಗೆ, ಕೆರಾಡಿಯಂಥ ಊರಿನಲ್ಲಿ ಗದ್ದೆ ಉಳುವ ಗೇಣಿದಾರನಿಗೆ ಅದು ಸುದ್ದಿಯೇ ಇಲ್ಲದ ಕಾಲ.

ದೇವರಾಜ ಅರಸು ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿ ಜಮೀನೆಲ್ಲ ಸರಕಾರದ ವಶವಾಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ತೋರಿಸಬೇಕಾಯಿತು. ನಮ್ಮ ಕಡೆ ಇದನ್ನೇ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಆದರೆ ಬಾಯಿಮಾತಿನ ಚಾಲಗೇಣಿಗೆ ಕಾಗದ ಎಲ್ಲಿಂದ ಬರಬೇಕು? ‘ಈ ಗದ್ದೆ ಉಳುತ್ತಿದ್ದವನು ಇವನೇ’ ಎಂದು ನೆರೆಯವನು ಹೇಳಬೇಕು. ಆ ನೆರೆಯವನೂ ಧಣಿಯ ಸಾಲದಲ್ಲೋ ಮುಲಾಜಿನಲ್ಲೋ ಇರುವವನೇ. ಅವನು ಬಾಯಿ ಬಿಟ್ಟಲ್ಲಿ ಕಾನೂನು ಕಾನೂನಾಯಿತು. ಅವನು ತಲೆ ತಗ್ಗಿಸಿದಲ್ಲಿ ಅದು ಬರೇ ಕಾಗದವಾಗಿ ಉಳಿಯಿತು. ಸಾಕ್ಷ್ಯ ಬಚ್ಚಿಡುವುದು ಪಾಪವೆಂದು ಕಲಿತವರು ನಾವು. ಆದರೆ ಹಸಿದವನ ಮೌನವನ್ನೂ ಉಂಡವನ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಹಾಗಾದರೆ ಬೇಗ ಆದದ್ದೆಲ್ಲ ಒಳ್ಳೆಯದೇ? ಅದೂ ಅಲ್ಲ. 2020ರ ಜುಲೈಯಲ್ಲಿ ಇದೇ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧ ಹೋಯಿತು. ವಿಧಾನಸಭೆ ಸೆಪ್ಟೆಂಬರಿನಲ್ಲಿ, ಪರಿಷತ್ತು ಡಿಸೆಂಬರಿನಲ್ಲಿ ಮಸೂದೆಗೆ ಒಪ್ಪಿಗೆ ಕೊಟ್ಟವು. ಕಾನೂನು ಮೊದಲು, ಚರ್ಚೆ ಆಮೇಲೆ! ಅಂದು ವಿಳಂಬ ಬಡವನನ್ನು ಕಾಯಿಸಿತು, ಇಂದು ಅವಸರ ಅವನನ್ನು ಕೇಳಲಿಲ್ಲ.

ಹಾಗಾಗಿ ತಡವೋ ಬೇಗವೋ ಎಂಬುದು ಮುಖ್ಯವಲ್ಲ. ಆ ನಡುವಿನ ಕಾಲದಲ್ಲಿ ಯಾರಿಗೆ ಸುದ್ದಿ ತಲುಪಿತು, ಯಾರ ಮಾತು ಸದನಕ್ಕೆ ಮುಟ್ಟಿತು ಎಂಬುದು ಮುಖ್ಯ. ಮಸೂದೆಯನ್ನು ಜನರ ಭಾಷೆಯಲ್ಲಿ ಮೊದಲೇ ಊರಿಗೆ ತಿಳಿಸುವುದು ಶಾಸಕರ ಹೊಣೆ. ಕಾನೂನಾದ ಮೇಲೆ ದುರ್ಬಲನ ಪರ ಸಾಕ್ಷಿ ನಿಲ್ಲುವುದು, ಮುಲಾಜು ಕಡಿಮೆ ಇರುವ ನಮ್ಮಂಥವರ ಹೊಣೆ. ಮೊದಲನೆಯದನ್ನು ಶಾಸಕರಿಂದ ಕೇಳುವ ನಾವು ಎರಡನೆಯದರಿಂದ ನುಣುಚಿಕೊಳ್ಳುವುದು ನ್ಯಾಯವಲ್ಲ.