ಯಾರ ಪಾಪ ಎಂದು ಕೇಳದಿರೋಣ



ಹುಟ್ಟುಕುರುಡನನ್ನು ಕಂಡ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದರು: ಇದು ಯಾರ ಪಾಪದ ಫಲ, ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲವೆಂದರು ಪ್ರಭು (ಯೊವಾನ್ನ 9). ಆದರೂ ಆ ಪ್ರಶ್ನೆ ನಮ್ಮ ನಡುವೆ ಸತ್ತಿಲ್ಲ. ತಲೆಬುರುಡೆ ಪೂರ್ತಿ ಬೆಳೆಯದ, ಇಲ್ಲವೇ ಬೆನ್ನಿನ ಮೇಲೆ ಗಂಟಿರುವ ಮಗು ಹುಟ್ಟಿದರೆ, 'ಗ್ರಹಣದಲ್ಲಿ ಹೊರಗೆ ಹೋಗಿದ್ದಳಂತೆ', 'ಯಾರದೋ ಶಾಪವಂತೆ' ಎಂಬ ಪಿಸುಮಾತು ತಾಯಿಯ ಕಿವಿಗೆ ಬೀಳುತ್ತದೆ. ಪೂಜೆಯ ಭಾಷೆ ಬೇರೆಬೇರೆಯಾದರೂ ಈ ಪಿಸುಮಾತು ಎಲ್ಲ ಭಾಷೆಯಲ್ಲೂ ಒಂದೇ.

ಯುವಜನರಾದ ನಾವು ಜೀವಶಾಸ್ತ್ರದಲ್ಲಿ ಓದಿದ್ದು ಬೇರೆ. ಗರ್ಭದಲ್ಲಿ ಜೀವಕೋಶಗಳ ಚಪ್ಪಟೆ ಪದರವೊಂದು ಮಡಚಿಕೊಂಡು ಕೊಳವೆಯಾಗುತ್ತದೆ. ಮಿದುಳು, ಬೆನ್ನುಹುರಿ ಎರಡೂ ಬೆಳೆಯುವುದು ಅದರಿಂದಲೇ. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಅದು ಮುಚ್ಚಿಕೊಳ್ಳಬೇಕು. ಆಗ ತಾನು ಬಸಿರೆಂದು ಎಷ್ಟೋ ತಾಯಂದಿರಿಗೆ ಗೊತ್ತೇ ಇರದು. ತಲೆಯ ಕಡೆ ಮುಚ್ಚದಿದ್ದರೆ ಅನೆನ್ಸೆಫಲಿ. ಅಂಥ ಮಗು ಹೆಚ್ಚು ಕಾಲ ಬದುಕದು. ಬೆನ್ನಿನ ಕಡೆ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಶಸ್ತ್ರಚಿಕಿತ್ಸೆ, ಆರೈಕೆ ಸಿಕ್ಕರೆ ಇವರಲ್ಲಿ ಅನೇಕರು ಬೆಳೆದು ಓದುತ್ತಾರೆ, ದುಡಿಯುತ್ತಾರೆ.

ಇದನ್ನು ಬಹುಮಟ್ಟಿಗೆ ತಡೆಯಲು ಸಾಧ್ಯ. ಮೊದಲೊಮ್ಮೆ ಇಂಥ ನೋವುಂಡ ತಾಯಂದಿರು ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದಾಗ, ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಗುವನ್ನು ಬಯಸುವ ಅಕ್ಕತಂಗಿಯರಿಗೆ ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಮ್ ಸಾಕು. ಇಂಥ ಮಗು ಹಿಂದೆ ಆಗಿದ್ದವರು, ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ವೈದ್ಯರನ್ನು ಕಾಣಬೇಕು. ವಿವಾಹ ಸಿದ್ಧತೆಯ ತರಗತಿಗಳಲ್ಲಿ ಇದನ್ನು ಸಂಕೋಚವಿಲ್ಲದೆ ಹೇಳೋಣ.

ಆದರೆ ಒಂದು ಎಚ್ಚರ. ಮಾತ್ರೆ ಎಲ್ಲವನ್ನೂ ತಡೆಯದು. 'ಮಾತ್ರೆ ನುಂಗಲಿಲ್ಲವೇ?' ಎಂಬ ಮಾತು ಆ ತಾಯಿಯ ಮೇಲೆ ನಾವೆಸೆಯುವ ಹೊಸ ಕಲ್ಲಾಗಬಾರದು. ತಿಳಿವಳಿಕೆ ಬರಲಿರುವ ಮಗುವಿಗಾಗಿ. ಬಂದಿರುವ ಮಗುವಿಗೆ ಬೇಕಾದದ್ದು ನಮ್ಮ ಪ್ರೀತಿ.

ರೋಮಿನ ಕಿಯಾರಾ ಕೊರ್ಬೆಲ್ಲಾ ಪೆತ್ರಿಲ್ಲೊ ಅವರ ಚೊಚ್ಚಲ ಮಗಳು ಮರಿಯಾಗೆ ಅನೆನ್ಸೆಫಲಿ ಇತ್ತು. 2009ರಲ್ಲಿ ಹುಟ್ಟಿದ ಆ ಕೂಸು ಬದುಕಿದ್ದು ಹೆಚ್ಚುಕಡಿಮೆ ಅರ್ಧ ಗಂಟೆ. ಅಷ್ಟರಲ್ಲೇ ದೀಕ್ಷಾಸ್ನಾನ ಪಡೆಯಿತು, ಹೆತ್ತವರ ತೋಳಿನಲ್ಲಿತ್ತು. ಕಿಯಾರಾ ಅವರನ್ನು ಧರ್ಮಸಭೆ ಇಂದು ದೇವರ ಸೇವಕಿ ಎಂದು ಕರೆಯುತ್ತದೆ.

ನಮ್ಮ ನೆರೆಯಲ್ಲಿ ಇಂಥ ಮನೆಯಿದ್ದರೆ ಈ ಭಾನುವಾರ ಪೂಜೆ ಮುಗಿಸಿ ಹೋಗೋಣ. ಕಾರಣ ಕೇಳುವುದು ಬೇಡ. ಮಗುವಿನ ಹೆಸರು ಕೇಳೋಣ, ಎತ್ತಿಕೊಳ್ಳೋಣ. ಪ್ರಭುವೇ, ನಮ್ಮ ನಾಲಿಗೆಯನ್ನು ಕಾಯಿರಿ. ಆಮೆನ್.