ಅದೇ ಹಡಗಿನಲ್ಲಿ ಇನ್ನೊಬ್ಬರು

ಬೇಸಿಗೆ ರಜೆಗೆ ಮಕ್ಕಳೊಂದಿಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನ ಪ್ರವಾಸ ಮಾಡುವವರು ನಮ್ಮಲ್ಲೂ ಇದ್ದಾರೆ. ತಪ್ಪೇನಿಲ್ಲ, ವಿಶ್ರಾಂತಿಯೂ ದೇವರ ವರವೇ. ಆದರೆ ಅಲ್ಲಿ ನಿಮಗೆ ಊಟ ಬಡಿಸುವವನು ಬಂಟ್ವಾಳದವನೋ ಮೂಡುಬಿದಿರೆಯವನೋ ಆಗಿರಬಹುದು. ಅವನ ಮಕ್ಕಳು ಅದೇ ರಜೆಯನ್ನು ಬೆಳ್ತಂಗಡಿಯ ಅಜ್ಜಿಮನೆಯಲ್ಲಿ ಅಪ್ಪನಿಲ್ಲದೆ ಕಳೆಯುತ್ತಾರೆ. ಸಂಬಳ ಸಿಗುತ್ತದಲ್ಲ ಎನ್ನುವಿರಾ? ಸಿಗುತ್ತದೆ. ಅಷ್ಟಕ್ಕೇ ಋಣ ತೀರಿತೇ?

ಸಂತ ಪೌಲರು ಕೈದಿಯಾಗಿ ರೋಮಿಗೆ ಸಾಗಿದ್ದು ಇದೇ ಸಮುದ್ರದಲ್ಲಿ. ಬಿರುಗಾಳಿಯ 14ನೆಯ ರಾತ್ರಿ ನಾವಿಕರು ಸಣ್ಣ ದೋಣಿಯಲ್ಲಿ ತಪ್ಪಿಸಿಕೊಳ್ಳಲು ನೋಡಿದರು. ಅವರು ಹೋದರೆ ನಿಮಗಾರಿಗೂ ಉಳಿವಿಲ್ಲವೆಂದು ಪೌಲರು ಸೈನಿಕರನ್ನು ಎಚ್ಚರಿಸಿದರು (ಪ್ರೇಷಿತರ ಕಾರ್ಯಕಲಾಪಗಳು 27). ಬೆಳಗಿನ ಜಾವ ರೊಟ್ಟಿ ಮುರಿದರು. ನಾವಿಕ, ಸೈನಿಕ, ಕೈದಿ, 276 ಮಂದಿಯೂ ಉಂಡರು. ಎಲ್ಲರೂ ಮಾಲ್ಟಾದ ದಡ ಸೇರಿದರು.

ಬಡಿಸುವವನ ಹೆಸರು, ಊರು ಕೇಳಿ. ಮರಳಿದ ಮೇಲೆ ಅವನ ತಾಯಿಯ ಮನೆಗೆ ಹೋಗಿ, ಮಗ ಕ್ಷೇಮವಾಗಿದ್ದಾನೆಂದು ಹೇಳಿಬನ್ನಿ.