ತಂಬೂರಿ ಯಾರಿಗೆ ಕೇಳಿಸುತ್ತದೆ?

"ಇದು ಕಿವಿ ಹಸಿವು ಅಲ್ಲೋ ತಮ್ಮಾ, ವರ್ಗದ ಹಸಿವು" ಎಂದರು ನಮ್ಮ ಭಾವ. ಹುಬ್ಬಳ್ಳಿಯಿಂದ ಬಂದಿದ್ದರು, ಊಟ ಮುಗಿದು ಎಲೆ ಅಡಿಕೆಗೆ ಕೂತಿದ್ದೆವು. ಒಂದೂವರೆ ವರ್ಷದಿಂದ ಕೂಡಿಟ್ಟ 60,000 ರೂಪಾಯಿಯಲ್ಲಿ ಒಂದು ಜೋಡಿ ಒಳ್ಳೆಯ ಸ್ಪೀಕರ್ ಮತ್ತು ಆಂಪ್ಲಿಫೈಯರ್ ತಗೊಳ್ಳುತ್ತೇನೆ ಎಂದು ನಾನು ಆಗಷ್ಟೇ ಹೇಳಿದ್ದೆ. ಭಾವ ಸಮಾಜಶಾಸ್ತ್ರದ ಮೇಷ್ಟ್ರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನನ್ನ ಮೇಲಿನ ಅಕ್ಕರೆ ಇತ್ತು. ರೋಗಿಗೆ ರೋಗದ ಹೆಸರು ಹೇಳುವ ವೈದ್ಯರ ಅಕ್ಕರೆ ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ಪೀಕರ್ ವಿಷಯದಲ್ಲಿ ನನಗೆ ಉಪದೇಶ ಮಾಡಿದವರು ಬೇರೆಯವರೂ ಇದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು, ಆಸೆಯೇ ದುಃಖದ ಮೂಲ ಎನ್ನುವವರು, ಅವರವರ ರುಚಿ ಅವರವರಿಗೆ ಎಂದು ಕೈ ತೊಳೆದುಕೊಳ್ಳುವವರು. ಅವರೊಡನೆ ವಾದಕ್ಕೆ ನಿಲ್ಲುವ ಉತ್ಸಾಹ ನನಗಿಲ್ಲ. ಹಾಸಿಗೆಯ ಉದ್ದ ನನಗೂ ಗೊತ್ತು. ಅಷ್ಟು ಉದ್ದದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಆ ಗಾದೆಯಲ್ಲಿ ಉತ್ತರವಿಲ್ಲ. ಭಾವನ ಮಾತು ಹಾಗಲ್ಲ. ಅದರ ಹಿಂದೆ ಒಬ್ಬ ದೊಡ್ಡ ಚಿಂತಕ ನಿಂತಿದ್ದಾನೆ.

ಫ್ರಾನ್ಸಿನ ಪಿಯೆರ್ ಬೋರ್ದ್ಯೂ 1979ರಲ್ಲಿ 'ಡಿಸ್ಟಿಂಕ್ಷನ್' ಎಂಬ ಪುಸ್ತಕ ಪ್ರಕಟಿಸಿದ. 1960ರ ದಶಕದಲ್ಲಿ 1,217 ಜನರನ್ನು ಕೇಳಿ ತಿಳಿದುಕೊಂಡದ್ದು ಅದರ ಅಡಿಪಾಯ. ಬಾಖ್‌ನ 'ವೆಲ್ ಟೆಂಪರ್ಡ್ ಕ್ಲೇವಿಯರ್' ಮೆಚ್ಚುವವರು ಯಾರು, 'ಬ್ಲೂ ಡ್ಯಾನ್ಯೂಬ್' ಮೆಚ್ಚುವವರು ಯಾರು ಎಂದು ನೋಡಿದರೆ, ಉತ್ತರಗಳು ಓದು ಮತ್ತು ಮನೆತನದ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತುಬಿಡುತ್ತವೆ. ನಾವು ಒಳಗಿನಿಂದ ಹುಟ್ಟಿದ್ದೆಂದು ತಿಳಿಯುವ ರುಚಿ ನಾವು ಎಲ್ಲಿ ಹುಟ್ಟಿದೆವು ಎಂಬುದರ ಗುರುತು. ಅದರಲ್ಲೂ ಸಂಗೀತದ ರುಚಿಯಷ್ಟು ಖಚಿತವಾದ ಗುರುತು ಇನ್ನೊಂದಿಲ್ಲ ಎನ್ನುತ್ತಾನೆ. ಇಲ್ಲದವರು ಅಗತ್ಯವನ್ನೇ ರುಚಿ ಮಾಡಿಕೊಳ್ಳುತ್ತಾರೆ, ಉಳ್ಳವರು ಅಗತ್ಯದಿಂದ ತಮಗಿರುವ ದೂರವನ್ನು ರುಚಿಯೆಂದು ಮೆರೆಸುತ್ತಾರೆ. ನಡುವೆ ಇರುವವರು, ಅಂದರೆ ನನ್ನಂಥವರು, ಮೇಲಿನವರ ರುಚಿಯನ್ನು ಭಯಭಕ್ತಿಯಿಂದ ಕಲಿಯುತ್ತಾ, ಎಲ್ಲಿ ತಪ್ಪುತ್ತೇವೋ ಎಂದು ಸದಾ ಅಳುಕುತ್ತಾ ಬದುಕುತ್ತಾರೆ.

ಓದುವಾಗ ಮೈ ಬಿಸಿಯಾಯಿತು. ಕಡಿಮೆ ದುಡ್ಡಿನಲ್ಲಿ ದೊಡ್ಡ ಸ್ಪೀಕರಿನ ಗುಣ ಹುಡುಕುವವನ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ. ಬೋರ್ದ್ಯೂ ಸಿರಿವಂತರ ಮನೆಯವನೂ ಅಲ್ಲ. ಬೆಆರ್ನ್ ಸೀಮೆಯ ಹಳ್ಳಿಯಲ್ಲಿ ಅಂಚೆ ನೌಕರನ ಮಗನಾಗಿ ಹುಟ್ಟಿದವನು. ಆದ್ದರಿಂದ ದೂರದಿಂದ ಕೈ ತೋರಿಸಿ ಮಾತಾಡುತ್ತಿದ್ದಾನೆ ಎಂದು ತಳ್ಳಿಹಾಕುವಂತಿಲ್ಲ. ಆದರೂ ಅವನು ತಪ್ಪು ಎಂದು ನನಗೆ ಬಲವಾಗಿ ಅನ್ನಿಸಿತು. ಆ ಅನ್ನಿಸಿಕೆಯ ಬೇರು ನಮ್ಮ ಅಪ್ಪನ ರೇಡಿಯೋದಲ್ಲಿದೆ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಪಡಸಾಲೆಯ ಗೂಡಿನಲ್ಲಿ ಮರದ ಡಬ್ಬಿಯ ಹಳೆಯ ವಾಲ್ವ್ ರೇಡಿಯೋ ಇತ್ತು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡುವ ದಿನ ಅಪ್ಪ ಅದರ ಪಕ್ಕ ಕೂತು, ತಲೆ ಓರೆ ಮಾಡಿ ಬಟ್ಟೆಯ ಜಾಲರಿಗೆ ಕಿವಿ ಹಚ್ಚುತ್ತಿದ್ದರು. "ದನಿ ಬರ್ತದ, ತಂಬೂರಿ ಬರಂಗಿಲ್ಲ" ಎನ್ನುತ್ತಿದ್ದರು. ಮೀಡಿಯಂ ವೇವ್‌ನಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನದು ಹೆಚ್ಚೇನೂ ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ತಂಬೂರಿಯ ಜೀವ ಇರುವುದು ಅದರ ಮೇಲುಸ್ವರಗಳಲ್ಲಿ. ಕುದುರೆಯ ಮೇಲೆ, ತಂತಿಯ ಕೆಳಗೆ ಸೇರಿಸುವ ಒಂದು ನೂಲಿನೆಳೆಯನ್ನು ಕೂದಲಷ್ಟು ಸರಿಸಿದರೆ ಆ ಝೇಂಕಾರ ಅರಳುತ್ತದೆ ಅಥವಾ ಮುದುಡುತ್ತದೆ. ಅಪ್ಪ ಹುಡುಕುತ್ತಿದ್ದದ್ದು ಅದನ್ನು. ಮಾಸ್ತರನ ಪಗಾರದಲ್ಲಿ ಬದುಕಿದ ಮನುಷ್ಯ ಯಾರ ಮುಂದೆ ಮೆರೆಯಲು ಆ ಜಾಲರಿಗೆ ಕಿವಿ ಹಚ್ಚುತ್ತಿದ್ದ? ಪಡಸಾಲೆಯಲ್ಲಿ ನೋಡುವವರೇ ಇರಲಿಲ್ಲ.

ನನ್ನ ಕಡೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯೂ ಇದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್, ಆಮೇಲೆ ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ಅವರೂ ಶಾನ್ ಆಲಿವ್ ಅವರೂ ವರ್ಷಗಟ್ಟಲೆ ಒಂದೇ ಕೆಲಸ ಮಾಡಿದರು: ಸ್ಪೀಕರುಗಳ ಮುಂದೆ ಪರದೆ ಎಳೆದು ಜನರಿಗೆ ಕೇಳಿಸಿದರು. ಹಾರ್ಮನ್‌ನಲ್ಲಿ ಸ್ಪೀಕರುಗಳನ್ನು ಕೆಲವೇ ಸೆಕೆಂಡಿನಲ್ಲಿ ಒಂದೇ ಜಾಗಕ್ಕೆ ತಂದು ನಿಲ್ಲಿಸುವ ಯಂತ್ರವನ್ನೇ ಕಟ್ಟಿಕೊಂಡಿದ್ದರು. ಆಲಿವ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 268 ಕೇಳುಗರಿದ್ದರು: ತರಬೇತಾದವರು, ಅಂಗಡಿಯವರು, ವಿಮರ್ಶಕರು, ವಿದ್ಯಾರ್ಥಿಗಳು. ತರಬೇತಾದವರು ಹೆಚ್ಚು ಕಟ್ಟುನಿಟ್ಟಾಗಿ ಅಂಕ ಕೊಟ್ಟರು; ಆದರೂ ಯಾವುದು ಮೊದಲು, ಯಾವುದು ಕೊನೆ ಎಂಬ ಸಾಲು ಎಲ್ಲರದೂ ಹೆಚ್ಚುಕಡಿಮೆ ಒಂದೇ. ಯಾವ ಸ್ವರವನ್ನೂ ಉಬ್ಬಿಸದೆ ತಗ್ಗಿಸದೆ ನುಡಿಯುವ, ಪಕ್ಕಕ್ಕೆ ಚೆಲ್ಲುವ ಸದ್ದೂ ಅದೇ ಹದದಲ್ಲಿರುವ ಸ್ಪೀಕರನ್ನು ಕಿವಿಗಳು ಮೆಚ್ಚುತ್ತವೆ. ಪರದೆ ಎಳೆದರೆ ವರ್ಗ ಹೊರಗುಳಿಯುತ್ತದೆ, ಕಿವಿ ಒಳಗೆ ಬರುತ್ತದೆ. ಭಾವನಿಗೆ ಫೋನು ಮಾಡಿ ಇದನ್ನೇ ಹೇಳಿದೆ.

"ನಿನ್ನ ಮನ್ಯಾಗ ಪರದೆ ಐತೇನು?" ಎಂದು ಕೇಳಿದರು.

ಉತ್ತರ ಹೊಳೆಯಲಿಲ್ಲ. ಅದೇ ಸಂಶೋಧಕರು 1994ರಲ್ಲಿ ಪರದೆ ತೆಗೆದೂ ಪರೀಕ್ಷೆ ಮಾಡಿದ್ದರು, ತಮ್ಮ ಕಂಪನಿಯ ನೌಕರರ ಮೇಲೆಯೇ. ಕಣ್ಣಿಗೆ ಕಂಡ ಕೂಡಲೇ ಕಂಪನಿಯ ದೊಡ್ಡ, ದುಬಾರಿ ಸ್ಪೀಕರಿನ ಅಂಕ ಏರಿತು, ಸಣ್ಣ ಅಗ್ಗದ್ದರ ಅಂಕ ಇಳಿಯಿತು. ಸದ್ದಿನ ಕಸುಬಿನಲ್ಲೇ ಇದ್ದವರ ಕಿವಿ ಹಾಗೆ ಕಣ್ಣಿನ ಮಾತು ಕೇಳಿದರೆ ನನ್ನದರ ಪಾಡೇನು?

ಅದಕ್ಕೇ ಬೆಂಗಳೂರಿನ ಅಂಗಡಿಗೆ ಹೋದಾಗ ಎಚ್ಚರದಿಂದಿದ್ದೆ. ನನ್ನ ಮುಂದೆ 2.4 ಲಕ್ಷದ ಎದೆಯೆತ್ತರದ ಟವರ್ ಜೋಡಿ ಮತ್ತು 42,000ದ ಬುಕ್‌ಶೆಲ್ಫ್ ಜೋಡಿ ಇದ್ದವು. ಮೊದಲು ಕೇಳಿದಾಗ ಟವರ್ ಎಷ್ಟೋ ಪಾಲು ಮೇಲೆನಿಸಿತು. ಫೋನಿನ ಆಪ್ ತೆರೆದು ಅಳೆದೆ; ಟವರಿನ ಸದ್ದು 3 ಡೆಸಿಬಲ್ ಜಾಸ್ತಿ ಇತ್ತು. ಅಂಗಡಿಯವರ ಮೋಸವೇನಲ್ಲ, ಅಷ್ಟೇ ವಿದ್ಯುತ್ತಿಗೆ ಆ ಸ್ಪೀಕರ್ ಹೆಚ್ಚು ನುಡಿಯುತ್ತದೆ. ಸ್ವಲ್ಪ ಜೋರಾಗಿ ಕೇಳಿಸಿದ್ದನ್ನು ಮನಸ್ಸು 'ಒಳ್ಳೆಯದು' ಎಂದು ಓದಿಕೊಳ್ಳುತ್ತದೆ. ಎರಡನ್ನೂ ಸಮ ಮಾಡಿಸಿ, ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಜೊತೆಗೆ ಬಂದಿದ್ದ ಮಗಳಿಗೆ ಮನಸ್ಸಿಗೆ ಬಂದಂತೆ ಬದಲಾಯಿಸಲು ಹೇಳಿದೆ. ಮನ್ಸೂರರ ದನಿಯಲ್ಲಿ, ತಂಬೂರಿಯಲ್ಲಿ ನನಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಆ ಆಳದ ಗುಮ್ಮಿನಲ್ಲಿ ಮಾತ್ರ ಟವರ್ ಗುರುತು ಸಿಕ್ಕಿತು.

ಕಡಿಮೆ ದುಡ್ಡಿನವನ ಆಯ್ಕೆ ಏನೆಂದು ನನಗೆ ಆಗ ತಿಳಿಯಿತು. ಐದಂಗುಲದ ಸ್ಪೀಕರ್ ಸುಮಾರು 60 ಹರ್ಟ್ಸ್‌ನ ಕೆಳಗೆ ಸೋಲುತ್ತದೆ, ಮದುವೆಮನೆಯಷ್ಟು ಸದ್ದು ಮಾಡಲಾರದು. ಕಿವಿಗೆ ಎರಡು ಪಟ್ಟು ಅನ್ನಿಸಲು ಹತ್ತು ಪಟ್ಟು ವಿದ್ಯುತ್ತು ಬೇಕು, ದುಡ್ಡು ಹೋಗುವುದು ಅಲ್ಲಿ. ಹಾಡುವ ಗಂಟಲು ಆ 60ರ ಮೇಲೆಯೇ ಇದೆ. 1970ರ ದಶಕದ ಆರಂಭದಲ್ಲಿ ಬಿಬಿಸಿಯ ಎಂಜಿನಿಯರುಗಳಿಗೂ ಇಂಥದೇ ಇಕ್ಕಟ್ಟು ಬಂದಿತ್ತು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ದೊಡ್ಡ ಸ್ಪೀಕರ್ ಹಿಡಿಯುತ್ತಿರಲಿಲ್ಲ. ಮನುಷ್ಯನ ಮಾತು ಸರಿಯಾಗಿ ಕೇಳಿದರೆ ಸಾಕೆಂದು ಆಳವನ್ನು ಬಿಟ್ಟುಕೊಟ್ಟು ಎಲ್‌ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆ ಮಾಡಿದರು. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಾನೂ 42,000ದ ಜೋಡಿಯನ್ನೇ ತಂದೆ, ಉಳಿದ 18,000ಕ್ಕೆ ಆಂಪ್ಲಿಫೈಯರ್. ಬೋರ್ದ್ಯೂವನ್ನು ಗೆದ್ದೆ ಎಂದೇ ಮನೆಗೆ ಬಂದೆ.

ಗೆಲುವಿನ ಲೆಕ್ಕ ತಪ್ಪಿದ್ದು ಒಂದು ಆಟೋದಲ್ಲಿ. ನಮ್ಮ ಓಣಿಯ ಆಟೋದವರೊಬ್ಬರು ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬಾಕ್ಸ್ ಕೂರಿಸಿದ್ದಾರೆ. ಆ ಧಬಧಬ ಕೇಳಿದಾಗೆಲ್ಲ ಇದು ಕಿವಿ ಬಲಿಯದವರ ರುಚಿ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಒಂದು ಸಂಜೆ ಅವರ ಆಟೋದಲ್ಲೇ ಬರುತ್ತಿದ್ದೆ. ಉದ್ದನೆಯ ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿದರು, ಕೈ ತಾನಾಗಿ ಹೋಗಿ ಬಾಸ್ ಗುಂಡಿಯನ್ನು ಇಳಿಸಿತು. ಹಸಿರು ಬಿತ್ತು, ಇಂಜಿನ್ ಹೊತ್ತಿತು, ಗುಂಡಿ ಮತ್ತೆ ಮೇಲೇರಿತು. ಇಂಜಿನ್ನಿನ ಮೊರೆತ ಮೊದಲು ನುಂಗುವುದು ಬಾಸನ್ನೇ. ನುಂಗಿದ್ದಷ್ಟನ್ನು ಅವರು ಮರಳಿ ತುಂಬುತ್ತಿದ್ದರು. ನನ್ನಷ್ಟೇ ನಾಜೂಕು ಕಿವಿ, ನನಗಿಂತ ಕಷ್ಟದ ಕೋಣೆ. ಅವರ ಪರಿಸ್ಥಿತಿಯನ್ನು ನಾನು ಅವರ ರುಚಿ ಎಂದು ಓದಿದ್ದೆ. ಬೋರ್ದ್ಯೂ ವಿವರಿಸಿದ ಕೆಲಸವನ್ನು, ಅವನನ್ನು ಅಲ್ಲಗಳೆಯುತ್ತಲೇ, ನಾನು ಮಾಡುತ್ತಿದ್ದೆ.

ಒಂದು ಎಳೆ ಬಿಚ್ಚಿದ ಮೇಲೆ ಉಳಿದವೂ ಸಡಿಲಾದವು. ಅಂಗಡಿಗೆ ನಾನು ಒಯ್ದದ್ದು ಮನ್ಸೂರರನ್ನು. ಅವ್ವ ಬೀಸುವಾಗ ಹೇಳುತ್ತಿದ್ದ ಪದ ನೆನಪಾಗಲಿಲ್ಲ, ರಾಜಕುಮಾರ್ ಹಾಡಿದ ಚಿತ್ರಗೀತೆಯೂ ನೆನಪಾಗಲಿಲ್ಲ. ಪರದೆಯ ಹಿಂದೆ ಯಾವ ಸ್ಪೀಕರ್ ಎಂಬುದು ಅಡಗುತ್ತದೆ ನಿಜ; ಯಾವ ಹಾಡಿನಿಂದ ಪರೀಕ್ಷಿಸಬೇಕು, ಅದರಲ್ಲಿ ಯಾವುದಕ್ಕೆ ಕಿವಿಗೊಡಬೇಕು ಎಂಬುದು ಅಡಗುವುದಿಲ್ಲ. ಇನ್ನೂ ಒಂದಿದೆ. ಎರಡು ಸ್ಪೀಕರು ಒಂದು ಚಿತ್ರ ಕಟ್ಟುವುದು ಒಂದೇ ಕುರ್ಚಿಯಲ್ಲಿ ಕೂತವನಿಗೆ. ನಮ್ಮ ಹನ್ನೊಂದಡಿ ಹದಿಮೂರಡಿ ಹಾಲಿನಲ್ಲಿ ಆ ಕುರ್ಚಿ ನನ್ನದು. ಅಪ್ಪನ ರೇಡಿಯೋ ಕೆಟ್ಟದಾಗಿತ್ತು, ಆದರೆ ಅಂಗಳದಲ್ಲಿ ಕಾಳು ಹಸನು ಮಾಡುವವರಿಗೂ ಕಟ್ಟೆಯ ಮೇಲೆ ಕೂತವರಿಗೂ ಅದು ಒಂದೇ ತೆರನಾಗಿ ಕೇಳುತ್ತಿತ್ತು.

ಹೋದ ತಿಂಗಳು ಅವ್ವ ಬಂದಿದ್ದಳು. ಕುರ್ಚಿಯಲ್ಲಿ ಕೂರಿಸಿ, "ಹಿಂದ ತಂಬೂರಿ ಕೇಳು" ಎಂದು ಹೇಳಿ ಹಚ್ಚಿದೆ. ಬಹಳ ಹೊತ್ತು ಸುಮ್ಮನಿದ್ದು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, "ನಾಕ್ ತಂತಿ ಬ್ಯಾರೆ ಬ್ಯಾರೆ ಕೇಳ್ತಾವ" ಎಂದಳು. ಸಂಗೀತ ಕಲಿತವಳಲ್ಲ, ಶಾಲೆಯೂ ನಾಲ್ಕನೇ ಇಯತ್ತೆಗೆ ನಿಂತದ್ದು. ಭಾವನಿಗೆ ಹೇಳಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಫೋನು ಕೈಗೆತ್ತಿಕೊಂಡಾಗ ನೆನಪಾಯಿತು: ತಂಬೂರಿ ಕೇಳು ಎಂದು ಮೊದಲೇ ಹೇಳಿದವನು ನಾನು. ಹೇಳದಿದ್ದರೆ ಅವಳಿಗೆ ಕೇಳಿಸುತ್ತಿತ್ತೇ? ಅವಳ ಮೇಲೆ ಆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲು ಬರುವುದಿಲ್ಲ. ಈಗ ಅವಳಿಗೆ ತಂಬೂರಿ ಅಡುಗೆಮನೆಯಿಂದಲೂ ಕೇಳಿಸುತ್ತದಂತೆ.